ಕಾಗೆಗಳು ಬರುತ್ತಿವೆಯೋ, ಹೋಗುತ್ತಿವೆಯೋ?

ಮಾಗಿದ ಗೋಧಿಯ ಹೊಲ; ಅದರ ಮೇಲೆ ಕಡುನೀಲಿಯ ಆಕಾಶ; ಹೊಲದ ಅಂಚಿನಲ್ಲಿ ಮೂರು ದಿಕ್ಕಿಗೆ ಹೊರಟ ಮೂರು ಹಾದಿಗಳು; ಬಾನಿಗೂ ಪೈರಿಗೂ ನಡುವೆ ಚೆದರಿದ ಕಾಗೆಗಳ ಹಿಂಡು. ಚಿತ್ರದಲ್ಲಿರುವುದು ಇಷ್ಟೇ. ಮನುಷ್ಯರಿಲ್ಲ, ಮನೆಯಿಲ್ಲ, ಮರವಿಲ್ಲ, ಕುಯ್ಲಿನ ಗಾಡಿಯೂ ಇಲ್ಲ. 103 ಸೆಂಟಿಮೀಟರ್ ಅಗಲ, 50.5 ಸೆಂಟಿಮೀಟರ್ ಎತ್ತರದ ಈ ತೈಲಚಿತ್ರ ಆಮ್‌ಸ್ಟರ್‌ಡ್ಯಾಮ್ ನಗರದ ವ್ಯಾನ್ ಗೋ ವಸ್ತುಸಂಗ್ರಹಾಲಯದಲ್ಲಿದೆ. ಅದರ ಅಚ್ಚಿನ ಪ್ರತಿಗಳು ಮಾತ್ರ ಲೋಕದ ಮೂಲೆಮೂಲೆಗೂ ಹೋಗಿವೆ. ಕೆಲವೆಡೆ ಕ್ಯಾಲೆಂಡರಿನ ಹಾಳೆಯಾಗಿ, ಕೆಲವೆಡೆ ಪುಸ್ತಕದ ಹೊದಿಕೆಯಾಗಿ. ಪ್ರತಿ ಹೋದಲ್ಲಿಗೆಲ್ಲ ಒಂದು ಕತೆಯೂ ಬೆನ್ನುಹತ್ತಿ ಹೋಗಿದೆ: ವಿನ್ಸೆಂಟ್ ವ್ಯಾನ್ ಗೋ ಬರೆದ ಕಟ್ಟಕಡೆಯ ಚಿತ್ರ ಇದೇ, ಇದನ್ನು ಮುಗಿಸಿದವನೇ ಅದೇ ಹೊಲದಲ್ಲಿ ಪಿಸ್ತೂಲನ್ನು ಎದೆಗಿಟ್ಟುಕೊಂಡ.

ಕತೆ ಮನಸ್ಸನ್ನು ಕಲಕುವಂಥದು. ಆದರೆ ಅದು ನಿಜವಲ್ಲ.

ನಿಜವಲ್ಲವೆಂದು ಗೊತ್ತಾದ ಮೇಲೂ ಚಿತ್ರ ಹಾಗೆಯೇ ಇದೆ. ಒಂದು ಗೆರೆ ಅಳಿಸಿಲ್ಲ, ಒಂದು ಬಣ್ಣ ಬದಲಾಗಿಲ್ಲ. ಹಾಗಾದರೆ ಇಷ್ಟು ದಿನ ನೋಡಿದವರೆಲ್ಲ ಅದರಲ್ಲಿ ಕಂಡ ಆ ಸಾವಿನ ಛಾಯೆ ಎಲ್ಲಿತ್ತು? ಚಿತ್ರದಲ್ಲಿತ್ತೆ, ಕತೆಯಲ್ಲಿತ್ತೆ? ನಿಸರ್ಗಚಿತ್ರವೊಂದರ ಭಾವವನ್ನು ಅರಿಯುವುದೆಂದರೆ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎಪ್ಪತ್ತು ದಿನಗಳ ವಾಸ

ವ್ಯಾನ್ ಗೋ ಹಾಲೆಂಡಿನವನು; ಪಾದ್ರಿಯ ಮಗನಾಗಿ 1853ರಲ್ಲಿ ಹುಟ್ಟಿದವನು. ಕಲೆಯನ್ನೇ ಬಾಳಾಗಿ ಹಿಡಿದದ್ದು ಇಪ್ಪತ್ತೇಳರ ವಯಸ್ಸಿನಲ್ಲಿ. ಬರೆದದ್ದೆಲ್ಲ ಅಲ್ಲಿಂದಾಚೆಯ ಹತ್ತು ವರ್ಷಗಳಲ್ಲಿ. ಆ ಹತ್ತು ವರ್ಷಗಳಲ್ಲಿ ಅವನ ಅನ್ನಕ್ಕೂ ಬಣ್ಣಕ್ಕೂ ಹಣ ಒದಗಿಸಿದವನು ತಮ್ಮ ತಿಯೊ. ಪ್ಯಾರಿಸ್ಸಿನಲ್ಲಿ ಚಿತ್ರವ್ಯಾಪಾರದ ಮಳಿಗೆಯೊಂದರಲ್ಲಿ ಅವನು ಉದ್ಯೋಗಿ. ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ 1888ರ ಡಿಸೆಂಬರಿನಲ್ಲಿ ವಿನ್ಸೆಂಟನಿಗೆ ಬುದ್ಧಿಭ್ರಮಣೆಯ ಮೊದಲ ಆಘಾತ ತಗುಲಿತು. ಮರುವರ್ಷ ಸ್ಯಾಂ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿ ಅವನು ತಾನಾಗಿಯೇ ಸೇರಿಕೊಂಡ. 1890ರ ಮೇ 20ರಂದು ಪ್ಯಾರಿಸ್ಸಿಗೆ ಮೂವತ್ತು ಕಿಲೋಮೀಟರಿನಷ್ಟು ದೂರದಲ್ಲಿ, ವಾಜ್ ನದಿಯ ದಡದಲ್ಲಿರುವ ಓವೇರ್ ಎಂಬ ಹಳ್ಳಿಗೆ ಬಂದಿಳಿದ. ಅಲ್ಲಿ ಗಾಶೆ ಎಂಬ ವೈದ್ಯನಿದ್ದ. ಕಲಾವಿದರ ಗೆಳೆಯ, ತಾನೂ ಹವ್ಯಾಸಿ ಚಿತ್ರಕಾರ. ವಿನ್ಸೆಂಟನ ಬಿಡಾರ ರಾವೂ ಎಂಬವನ ಊಟದ ಮನೆಯ ಅಟ್ಟದ ಕೊಠಡಿ.

ಓವೇರಿನಲ್ಲಿ ಅವನು ಬದುಕಿದ್ದು ಎಪ್ಪತ್ತು ದಿನ. ಬರೆದ ಚಿತ್ರಗಳು ಎಪ್ಪತ್ತಕ್ಕೂ ಹೆಚ್ಚು. ದಿನಕ್ಕೊಂದು ಚಿತ್ರ! ಸಾಯಲು ಬಂದವನ ಲಕ್ಷಣವೆ ಇದು?

ಜುಲೈ 6ರಂದು ಅವನು ಪ್ಯಾರಿಸ್ಸಿಗೆ ಹೋಗಿ ತಮ್ಮನ ಮನೆಯಲ್ಲಿ ಇಳಿದ. ಆ ಭೇಟಿ ಸುಖದ್ದಾಗಿರಲಿಲ್ಲ. ತಿಯೊನ ಹಸುಗೂಸಿಗೆ ಆಗತಾನೆ ಕಾಯಿಲೆ ವಾಸಿಯಾಗುತ್ತಿತ್ತು. ಯಜಮಾನರೊಡನೆ ಮನಸ್ತಾಪ ಬಂದು, ಕೆಲಸ ಬಿಟ್ಟು ಸ್ವಂತ ವ್ಯಾಪಾರ ಹೂಡಲೇ ಎಂಬ ಯೋಚನೆ ತಿಯೊನದು. ಗಂಡಹೆಂಡಿರ ನಡುವಣ ದುಡ್ಡುಕಾಸಿನ ಮಾತು ಮನೆಗೆ ಬಂದ ಅಣ್ಣನ ಕಿವಿಗೂ ಬಿತ್ತು. ತಮ್ಮನ ಸಂಪಾದನೆಯಲ್ಲಿ ಬದುಕುವ ಅಣ್ಣನಿಗೆ ಆಗ ಏನೆನ್ನಿಸಿರಬೇಕೆಂಬುದನ್ನು ಕೂಡುಕುಟುಂಬಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಗೆ ಹಿಂದಿರುಗಿ ಕುಂಚ ಹಿಡಿದಾಗ ಅದು ಕೈಯಿಂದ ಜಾರಿ ಬೀಳುವಂತಿತ್ತೆಂದು ಅವನೇ ತಮ್ಮನಿಗೂ ನಾದಿನಿಗೂ ಕಾಗದ ಬರೆದ. ಆದರೂ ಮೂರು ದೊಡ್ಡ ಚಿತ್ರಗಳನ್ನು ಮುಗಿಸಿದ್ದ. ಅವುಗಳಲ್ಲಿ ಎರಡು, ಕದಡಿದ ಆಕಾಶದ ಕೆಳಗಿನ ಅಪಾರವಾದ ಗೋಧಿ ಹೊಲಗಳು. ಕಾಗೆಗಳ ಚಿತ್ರ ಆ ಎರಡರಲ್ಲೊಂದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಕಾಗದ ಬರೆದದ್ದು ಜುಲೈ 10ರ ಸುಮಾರಿಗೆ. ಗುಂಡು ಹಾರಿದ್ದು 27ರಂದು. ಪ್ರಾಣ ಹೋದದ್ದು 29ರ ನಸುಕಿನಲ್ಲಿ, ತಿಯೊ ಪಕ್ಕದಲ್ಲಿದ್ದಾಗ. ನಡುವೆ ಎರಡು ವಾರಗಳಿಗೂ ಮೀರಿದ ಕಾಲ, ಮತ್ತೆ ಹಲವು ಚಿತ್ರಗಳು. 23ರಂದು ತಮ್ಮನಿಗೆ ಕಳಿಸಿದ ಕಡೆಯ ಕಾಗದದಲ್ಲಿ ಹೊಸ ಬಣ್ಣಗಳಿಗೆ ಬೇಡಿಕೆಯೂ ಇದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ನಮ್ಮವರು ಹೇಳುತ್ತಾರೆ. ಇಲ್ಲಿ ಕಾಗೆ ಕೂತದ್ದೇ ಒಂದು ದಿನ, ಕೊಂಬೆ ಮುರಿದದ್ದೇ ಇನ್ನೊಂದು ದಿನ. ಆದರೂ ಜನ ಎರಡನ್ನೂ ಗಂಟುಹಾಕಿದರು. ಗಂಟನ್ನು ಬಿಗಿ ಮಾಡಿದ್ದು 1956ರ ಹಾಲಿವುಡ್ ಚಲನಚಿತ್ರ ‘ಲಸ್ಟ್ ಫಾರ್ ಲೈಫ್’. ಅದರಲ್ಲಿ ವ್ಯಾನ್ ಗೋ ಪಾತ್ರದ ಕರ್ಕ್ ಡಗ್ಲಸ್ ಕಾಗೆಗಳ ಚಿತ್ರವನ್ನು ಬರೆಯುತ್ತ ಬರೆಯುತ್ತಲೇ ತನ್ನ ಕೊನೆಯತ್ತ ನಡೆಯುತ್ತಾನೆ. ಸಿನಿಮಾ ನೋಡಿದವರ ಕಣ್ಣಿಗೆ ಆ ಮೇಲೆ ಆ ಹೊಲದಲ್ಲಿ ಗೋಧಿ ಕಾಣಿಸುವುದಾದರೂ ಹೇಗೆ?

ಜಾನ್ ಬರ್ಜರ್ ಎಂಬ ಆಂಗ್ಲ ವಿಮರ್ಶಕ 1972ರಲ್ಲಿ ಹೊರತಂದ ‘ವೇಸ್ ಆಫ್ ಸೀಯಿಂಗ್’ ಪುಸ್ತಕದಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗ ಮಾಡಿದ್ದಾನೆ. ಒಂದು ಪುಟದಲ್ಲಿ ಈ ಚಿತ್ರವನ್ನು ಅಚ್ಚುಹಾಕಿ, ಕ್ಷಣಕಾಲ ನೋಡಿ ಪುಟ ತಿರುವಿರೆಂದು ಹೇಳುತ್ತಾನೆ. ಮುಂದಿನ ಪುಟದಲ್ಲಿ ಅದೇ ಚಿತ್ರ. ಕೆಳಗೆ, ಕಲಾವಿದ ಸಾಯುವ ಮುನ್ನ ಬರೆದ ಕೊನೆಯ ಚಿತ್ರ ಇದೆಂಬ ಒಂದು ಒಕ್ಕಣೆ. ಚಿತ್ರ ಒಮ್ಮೆಲೇ ಬೇರೆಯಾಗಿ ಕಾಣುತ್ತದೆ. ಮಾತು ನೋಟವನ್ನು ಹೇಗೆ ಬದಲಿಸುತ್ತದೆಂಬುದನ್ನು ತೋರಿಸುವುದಕ್ಕೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ತಮಾಷೆಯೆಂದರೆ ಆ ಒಕ್ಕಣೆಯೇ ಸುಳ್ಳು. ಸುಳ್ಳಾದರೂ ಪ್ರಯೋಗ ಕೆಡಲಿಲ್ಲ. ಬರ್ಜರನ ವಾದ ಅದರಿಂದ ಇನ್ನಷ್ಟು ಗಟ್ಟಿಯಾಯಿತೆಂದೇ ಹೇಳಬೇಕು.

ಕಣ್ಣು ನಡೆಯುವ ದಾರಿ

ಕತೆಯನ್ನು ಸ್ವಲ್ಪ ಹೊತ್ತು ಬಾಗಿಲಾಚೆ ನಿಲ್ಲಿಸಿ, ಚಿತ್ರವನ್ನಷ್ಟೇ ನೋಡುವುದು ಸಾಧ್ಯವೆ? ಅಚ್ಚಿನ ಪ್ರತಿಯೊಂದು ಕೈಗೆ ಸಿಕ್ಕವರು ಮನೆಯಲ್ಲೇ ಪರೀಕ್ಷಿಸಬಹುದು.

ಮೊದಲು ಕಣ್ಣಿಗೆ ಬೀಳುವುದು ಚೌಕಟ್ಟಿನ ಆಕಾರ. ಅಗಲ ಎತ್ತರದ ಇಮ್ಮಡಿ. ಎರಡು ಚೌಕಗಳನ್ನು ಪಕ್ಕಪಕ್ಕದಲ್ಲಿಟ್ಟಂತೆ. ಓವೇರಿನ ಕೊನೆಯ ವಾರಗಳಲ್ಲಿ ವ್ಯಾನ್ ಗೋ ಈ ಅಳತೆಯಲ್ಲಿ ಹತ್ತು ಹನ್ನೆರಡು ಚಿತ್ರಗಳನ್ನು ಬರೆದ. ಅದೇ ಹಳ್ಳಿಯಲ್ಲಿ ಬಾಳಿ 1878ರಲ್ಲಿ ತೀರಿಕೊಂಡಿದ್ದ ದೋಬಿನ್ಯಿ ಎಂಬ ಹಿರಿಯ ನಿಸರ್ಗಚಿತ್ರಕಾರನೂ ನೀಳವಾದ ಇಂಥ ಅಳತೆಯನ್ನು ಬಳಸುತ್ತಿದ್ದ. ಸಾಧಾರಣ ಅಳತೆಯ ಚಿತ್ರವನ್ನು ಒಂದೇ ನೋಟಕ್ಕೆ ತುಂಬಿಕೊಳ್ಳಬಹುದು. ಇಷ್ಟು ಉದ್ದವಾದುದನ್ನು ಹಾಗೆ ತುಂಬಿಕೊಳ್ಳಲಾಗದು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕುತ್ತಿಗೆ ತಿರುಗಿಸಬೇಕು. ಬಯಲಿನಲ್ಲಿ ನಿಂತವನು ಮಾಡುವುದೂ ಅದನ್ನೇ.

ಎರಡನೆಯದು ಹಾದಿಗಳು. ನಿಸರ್ಗಚಿತ್ರದಲ್ಲಿ ಹಾದಿಯೆಂದರೆ ನೋಡುವವನ ಕೈಹಿಡಿದು ಒಳಗೆ ಕರೆದೊಯ್ಯುವ ಅತಿಥೇಯ. ಹಾಲೆಂಡಿನವನೇ ಆದ ಹೊಬ್ಬೆಮ 1689ರಲ್ಲಿ ಬರೆದ ‘ಮಿಡ್ಡೆಲ್‌ಹಾರ್ನಿಸ್ ಸಾಲುಮರಗಳು’ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿ ನಟ್ಟನಡುವೆ ಒಂದು ರಸ್ತೆ, ಎರಡೂ ಕಡೆ ತೆಳ್ಳನೆಯ ಎತ್ತರದ ಮರಗಳು. ಕಣ್ಣು ನೇರವಾಗಿ ದೂರದ ಊರಿಗೆ ಹೋಗಿ ತಲುಪುತ್ತದೆ. ಆ ಚಿತ್ರದಲ್ಲಿ ದಾರಿ ತಪ್ಪುವ ಭಯವೇ ಇಲ್ಲ. ವ್ಯಾನ್ ಗೋ ಮಾಡಿರುವುದೇನು? ಎಡಗಡೆಯ ಹಾದಿ ಚೌಕಟ್ಟಿನಾಚೆಗೆ ಜಾರಿಹೋಗುತ್ತದೆ. ಬಲಗಡೆಯದೂ ಹಾಗೆಯೇ ಹೊರಗೆ ಓಡುತ್ತದೆ. ನಡುವಣದೊಂದೇ ಹೊಲದೊಳಕ್ಕೆ ಬಳುಕಿ ಹೊಗುತ್ತದೆ. ಅದರೊಡನೆ ಹೆಜ್ಜೆಹಾಕಿದ ಕಣ್ಣು ಇನ್ನೇನು ದಿಗಂತವನ್ನು ಸೇರಬೇಕೆನ್ನುವಷ್ಟರಲ್ಲಿ ಹಾದಿ ಪೈರಿನ ನಡುವೆ ಕಾಣೆಯಾಗಿ ಕಣ್ಣು ಒಂಟಿಯಾಗಿ ಉಳಿಯುತ್ತದೆ.

ಮೇಯರ್ ಶಪಿರೊ ಎಂಬ ಅಮೆರಿಕದ ಕಲಾಪಂಡಿತ 1946ರಷ್ಟು ಹಿಂದೆಯೇ ಈ ಚಿತ್ರವನ್ನು ಕುರಿತು ಬರೆದ ಪ್ರಬಂಧದಲ್ಲಿ ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ. ಸಾಮಾನ್ಯವಾಗಿ ಚಿತ್ರದ ಗೆರೆಗಳು ನೋಡುವವನಿಂದ ದೂರ ಸರಿದು ದಿಗಂತದ ಒಂದು ಬಿಂದುವಿನಲ್ಲಿ ಕೂಡುತ್ತವೆ. ಇಲ್ಲಿ ಅದು ತಿರುವುಮುರುವಾಗಿದೆ. ಎಲ್ಲವೂ ದೂರದಿಂದ ನೋಡುವವನ ಕಾಲಬುಡಕ್ಕೆ ನುಗ್ಗಿಬರುತ್ತದೆ. ಮೂರು ದಾರಿಗಳೂ ಕೂಡುವ ಬಿಂದು ನೋಡುವವನೇ. ಮೂರು ದಾರಿಗಳ ಕೂಡಲಲ್ಲಿ ನಿಂತೂ ಹೋಗಲು ದಾರಿಯಿಲ್ಲದ ಈ ಸ್ಥಿತಿ, ಯಾವ ಕತೆಯ ಸಹಾಯವೂ ಇಲ್ಲದೆ, ರಚನೆಯೊಂದರಿಂದಲೇ ಮನಸ್ಸಿನಲ್ಲಿ ಕಳವಳ ಹುಟ್ಟಿಸುತ್ತದೆ. ಹಾದಿಗಳನ್ನು ಕಾಗದದ ತುಂಡಿನಿಂದ ಮುಚ್ಚಿ ನೋಡಿದರೆ ಕಳವಳದ ಬಹುಪಾಲು ಮಾಯವಾಗುವುದು ಈ ಮಾತಿಗೆ ಸಾಕ್ಷಿ.

ಬಣ್ಣಗಳ ಮಾತು ಬೇರೆ. ಒಂದಕ್ಕೊಂದು ಎದುರಾದ ಬಣ್ಣಗಳನ್ನು ಒತ್ತೊತ್ತಾಗಿ ಇಟ್ಟರೆ ಎರಡೂ ಹೊಳಪೇರುತ್ತವೆಂಬುದನ್ನು ವ್ಯಾನ್ ಗೋ ಪುಸ್ತಕ ಓದಿಯೂ ಕೈಯಾರೆ ಮಾಡಿಯೂ ಬಲ್ಲವನು. ಆಕಾಶದ ನೀಲಿಗೆ ಎದುರು ಗೋಧಿಯ ಕಿತ್ತಳೆ ಬೆರೆತ ಹಳದಿ. ಹಾದಿಯ ಕೆಮ್ಮಣ್ಣಿಗೆ ಎದುರು ಅದರ ಅಂಚಿನ ಹುಲ್ಲಿನ ಹಸುರು. ನಮ್ಮ ಹೆಂಗಸರು ಸೀರೆಯ ಒಡಲಿಗೂ ಅಂಚಿಗೂ ಬಣ್ಣ ಆರಿಸುವಾಗ ಪಾಲಿಸುವ ನಿಯಮವೂ ಇದೇ. ಬಣ್ಣವನ್ನು ತೆಳುವಾಗಿ ಬಳಿದಿಲ್ಲ. ದಪ್ಪನೆಯ ಗೀರುಗಳಾಗಿ ಮೆತ್ತಿದ್ದಾನೆ. ತೆನೆಗಳ ಗೀರು ಒಂದೊಂದು ಒಂದೊಂದು ಕಡೆಗೆ ವಾಲಿದೆ. ಗಾಳಿಯನ್ನು ಬರೆದಿಲ್ಲ, ಆದರೆ ಗಾಳಿ ಬೀಸುತ್ತಿದೆ. ಇಷ್ಟೆಲ್ಲ ಆದ ಮೇಲೂ ಹಳದಿ ಹಳದಿಯೇ. ಚಿತ್ರದ ಅರ್ಧಭಾಗವನ್ನು ತುಂಬಿರುವುದು ಬಂಗಾರದಂಥ ಬೆಳೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಕಾಗೆಗಳು ಕರಗಿಹೋಗಿ, ನೀಲಿಯ ಕೆಳಗೆ ಹಳದಿ ಉರಿಯುವುದೊಂದೇ ಉಳಿಯುತ್ತದೆ. ಅದನ್ನು ಶೋಕವೆಂದು ಕರೆಯಲು ಯಾರಿಗೂ ನಾಲಗೆ ಬರಲಾರದು.

ಕಪ್ಪು ರೆಕ್ಕೆಗಳು

ಇನ್ನು ಕಾಗೆಗಳು. ಒಂದೊಂದೂ ಎರಡು ಮೂರು ಕಪ್ಪು ಗೀರು, ಅಷ್ಟೇ, ಕೊಕ್ಕಿಲ್ಲ, ಕಣ್ಣಿಲ್ಲ. ಅವು ನೋಡುವವನತ್ತ ಬರುತ್ತಿವೆಯೋ, ಅವನಿಂದ ದೂರ ಹಾರುತ್ತಿವೆಯೋ ಹೇಳಲಾಗದು. ಗೀರನ್ನು ಎರಡು ಬಗೆಯಾಗಿಯೂ ಓದಬಹುದು. ಚಿತ್ರದ ಭಾವ ನಿಂತಿರುವುದು ಈ ಸಂದಿಗ್ಧದ ಮೇಲೆಯೇ. ಬರುತ್ತಿವೆ ಎಂದುಕೊಂಡರೆ ಅಪಾಯ, ಹೋಗುತ್ತಿವೆ ಎಂದುಕೊಂಡರೆ ಬಿಡುಗಡೆ. ನೋಡುವವನು ತಂದ ಮನಸ್ಸಿಗೆ ತಕ್ಕಂತೆ ಹಿಂಡು ದಿಕ್ಕು ಬದಲಿಸುತ್ತದೆ.

ಐರೋಪ್ಯರ ಪಾಲಿಗೆ ಕಾಗೆ ಬಹುಕಾಲದಿಂದ ಸಾವಿನ ಹಕ್ಕಿ. ಫ್ರಾನ್ಸಿನ ಕವಿ ಆರ್ತೊ 1947ರಲ್ಲಿ ವ್ಯಾನ್ ಗೋನ ಮೇಲೆ ಬರೆದ ಪುಸ್ತಕದಲ್ಲಿ ಈ ಕಾಗೆಗಳ ಕಪ್ಪಿನ ಮುಂದೆ ನಿಂತು ಮೈಮರೆತಿದ್ದಾನೆ. ಕನ್ನಡದ ಮನೆಯಲ್ಲಿ ಬೆಳೆದವನಿಗೆ ಕಾಗೆಯ ವಿಷಯ ಅಷ್ಟು ನೇರವಲ್ಲ. ಅದು ಶನಿದೇವರ ವಾಹನ, ತಲೆಗೆ ಬಡಿದರೆ ಅಪಶಕುನ, ಸರಿ. ಆದರೆ ಶ್ರಾದ್ಧದ ದಿನ ಎಲೆಯಲ್ಲಿಟ್ಟ ಪಿಂಡವನ್ನು ಅದು ಮುಟ್ಟುವವರೆಗೆ ಮನೆಮಂದಿಯೆಲ್ಲ ಹಸಿದು ಕಾಯುತ್ತಾರೆ. ಬಾರದಿದ್ದರೆ ಹಿರಿಯರಿಗೆ ಯಾವ ಆಸೆ ಉಳಿಯಿತೋ ಎಂದು ಕಣ್ಣೀರಿಡುತ್ತಾರೆ, ಬಂದರೆ ನೆಮ್ಮದಿ. ಬೆಳಗ್ಗೆ ಹಂಚಿನ ಮೇಲೆ ಕೂತು ಕೂಗಿದರೆ ನೆಂಟರು ಬರುತ್ತಾರೆಂದು ಅಕ್ಕಿ ಹೆಚ್ಚಾಗಿ ಹಾಕುವವರೂ ಉಂಟು. ಸತ್ತವರೂ ಬಾಳುವವರೂ ಒಂದೇ ಹಕ್ಕಿಯ ಮೂಲಕ ಮಾತಾಡುವ ನಾಡಿನವನು ಈ ಚಿತ್ರದ ಮುಂದೆ ನಿಂತು ಬರೀ ಹೆದರಬೇಕೆಂದೇನಿಲ್ಲ.

ಆಕಾಶದ ಮಾತೂ ಹಾಗೆಯೇ. ತಿಂಗಳು ಜುಲೈ, ನಮ್ಮ ಲೆಕ್ಕದಲ್ಲಿ ಆಷಾಢದ ಆಸುಪಾಸು. ಬಯಲುಸೀಮೆಯವನಿಗೆ ಹೊಲದ ಮೇಲೆ ಕವಿದ ಕಡುನೀಲಿಯನ್ನು ಕಂಡೊಡನೆ ಮೊದಲು ಹುಟ್ಟುವುದು ಆಸೆಯೇ ಹೊರತು ಭಯವಲ್ಲ. ಆದರೆ ಕಣ್ಣು ಕೆಳಗಿಳಿದು ತೆನೆಯನ್ನು ಕಂಡಾಗ ಅವನು ತಡೆಯುತ್ತಾನೆ. ಬೆಳೆ ಮಾಗಿದೆ, ಕುಯ್ಲು ಆಗಿಲ್ಲ. ಮಾಗಿದ ತೆನೆಯ ಮೇಲೆ ಮಳೆ ಸುರಿದರೆ ಸಂತೋಷಪಡುವ ರೈತ ಯಾವ ದೇಶದಲ್ಲೂ ಇಲ್ಲ. ಕಾಗೆಗಳು ಬಂದಿರುವುದೂ ಕಾಳಿನ ಆಸೆಗೇ ಇರಬೇಕು. ಹೀಗೆ ನೋಡಿದಾಗ ಚಿತ್ರದ ಕಳವಳ ಪರಲೋಕದ್ದಾಗದೆ ಇಹದ್ದಾಗುತ್ತದೆ: ಇಷ್ಟು ಬೆಳೆದದ್ದು ಮನೆ ಸೇರುತ್ತದೆಯೋ ಇಲ್ಲವೋ ಎಂಬ ಚಿಂತೆ. ಹತ್ತು ವರ್ಷ ದುಡಿದು ನೂರಾರು ಚಿತ್ರಗಳನ್ನು ತಮ್ಮನ ಮನೆಯಲ್ಲಿ ರಾಶಿಹಾಕಿದ್ದ ಮೂವತ್ತೇಳು ವರ್ಷದ ಕಲಾವಿದನಿಗೆ ಆ ಚಿಂತೆ ಇರಲಿಲ್ಲವೆಂದು ಯಾರು ಹೇಳಬಲ್ಲರು?

ಬರೆದವನೇ ಹೇಳಿದ್ದು

ಚಿತ್ರಕಾರನೇ ಏನಾದರೂ ಹೇಳಿದ್ದಾನೆಯೆ? ಹೇಳಿದ್ದಾನೆ, ಆದರೆ ಅದು ಒಂದೇ ಮಾತಲ್ಲ. ತೊಡಕು ಇರುವುದು ಅಲ್ಲಿಯೇ. ಜುಲೈ 10ರ ಕಾಗದದಲ್ಲಿ, ಈ ಹೊಲಗಳಲ್ಲಿ ದುಃಖವನ್ನೂ ಮಿತಿಮೀರಿದ ಏಕಾಂತವನ್ನೂ ತೋರಿಸಲು ಬೇಕೆಂದೇ ಯತ್ನಿಸಿರುವುದಾಗಿ ಅವನು ಬರೆದ. ಸಾವಿನ ಕತೆಯನ್ನು ನಂಬುವವರು ಕಾಗದವನ್ನು ಅಷ್ಟಕ್ಕೇ ಮಡಿಸಿಡುತ್ತಾರೆ. ಮುಂದಿನ ಸಾಲುಗಳನ್ನು ಓದಿದರೆ ಬೇರೆ ಮಾತಿದೆ. ಆ ಚಿತ್ರಗಳನ್ನು ಆದಷ್ಟು ಬೇಗ ಪ್ಯಾರಿಸ್ಸಿಗೆ ತಂದು ತೋರಿಸುವ ಆಸೆ ಅವನದು. ಹಳ್ಳಿಗಾಡಿನಲ್ಲಿ ತಾನು ಕಂಡ ಆರೋಗ್ಯವನ್ನೂ ಬಲವನ್ನೂ ಮಾತಿನಲ್ಲಿ ಹೇಳಲಾರೆ, ಚಿತ್ರಗಳೇ ಅದನ್ನು ಹೇಳಿಯಾವೆಂಬ ನಂಬಿಕೆ. ದುಃಖ, ಏಕಾಂತ, ಆರೋಗ್ಯ, ಬಲ, ಇವು ನಾಲ್ಕೂ ಒಂದೇ ಉಸಿರಿನಲ್ಲಿ! ಅದೇ ದಿನಗಳಲ್ಲಿ ತಾಯಿಗೂ ತಂಗಿಗೂ ಬರೆದ ಇನ್ನೊಂದು ಕಾಗದದಲ್ಲಿ, ಕಡಲಿನಷ್ಟು ವಿಶಾಲವಾದ ಗೋಧಿಯ ಬಯಲಿನಲ್ಲಿ ತಾನು ಮುಳುಗಿಹೋಗಿರುವುದಾಗಿಯೂ, ಅದನ್ನು ಬರೆಯಲು ಬೇಕಾದ ಶಾಂತಿ ತನ್ನಲ್ಲಿ ಅತಿಯೆನ್ನಿಸುವಷ್ಟು ತುಂಬಿದೆಯೆಂದೂ ತಿಳಿಸಿದ್ದಾನೆ.

ತಾಯಿಗೆ ಬರೆಯುವಾಗ ಮಗ ತನ್ನ ಸಂಕಟವನ್ನು ಮುಚ್ಚಿಡುವುದು ಸಹಜ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಒಂದು ಮಾತು ಸ್ಪಷ್ಟ. ವ್ಯಾನ್ ಗೋನ ಮನಸ್ಸಿನಲ್ಲಿ ಸಾವು, ಬೆಳಕು ಒಂದಕ್ಕೊಂದು ಶತ್ರುಗಳಲ್ಲ. ಹಿಂದಿನ ವರ್ಷ ಸ್ಯಾಂ ರೆಮಿಯಲ್ಲಿ ಗೋಧಿ ಕೊಯ್ಯುವವನೊಬ್ಬನನ್ನು ಬರೆದಾಗ, ಅವನು ಸಾವಿನ ಪ್ರತೀಕ, ಮನುಷ್ಯರೇ ಅವನು ಕೊಯ್ಯುವ ಪೈರು, ಆದರೆ ಈ ಸಾವಿನಲ್ಲಿ ದುಃಖವಿಲ್ಲ, ಅದು ಹೊಂಬಿಸಿಲಿನಲ್ಲಿ ಹಗಲು ಹೊತ್ತಿನಲ್ಲೇ ನಡೆಯುತ್ತದೆ ಎಂಬರ್ಥದಲ್ಲಿ ತಮ್ಮನಿಗೆ ವಿವರಿಸಿದ್ದ. ನಮ್ಮ ಲಾಕ್ಷಣಿಕರು ಸ್ಥಾಯಿಯೊಂದರ ಮೇಲೆ ಸಂಚಾರಿಗಳು ಬಂದು ಹೋಗುತ್ತವೆಂದು ಹೇಳಿದರಲ್ಲವೆ? ಈ ಚಿತ್ರದಲ್ಲಿ ನೆಲದ ಬಲವೇ ಸ್ಥಾಯಿ, ಕಾಗೆಗಳು ಸಂಚಾರಿ ಎಂದರೆ ತೀರ ತಪ್ಪಾಗಲಾರದು.

ಕಾಗೆಗಳ ಚಿತ್ರಕ್ಕೆ ಒಂದು ಜೊತೆಯಿದೆ. ‘ಗುಡುಗುಮೋಡದ ಕೆಳಗಿನ ಗೋಧಿ ಹೊಲ’. ಹೆಚ್ಚುಕಡಮೆ ಅದೇ ಅಳತೆ, ಅದೇ ವಾರಗಳು, ಅದೇ ವಸ್ತುಸಂಗ್ರಹಾಲಯ. ಕಾಗದದಲ್ಲಿ ಹೇಳಿದ ಎರಡನೆಯ ಹೊಲ ಇದೇ ಎಂದು ಬಹುಮಂದಿಯ ಅಭಿಪ್ರಾಯ. ಅದರಲ್ಲಿ ಹಾದಿಯಿಲ್ಲ, ಹಕ್ಕಿಯಿಲ್ಲ. ಕೆಳಗೆ ಹಸುರು, ಮೇಲೆ ನೀಲಿ, ನಡುವೆ ನೆಮ್ಮದಿಯಾಗಿ ಮಲಗಿದ ದಿಗಂತ. ದುಃಖ, ಏಕಾಂತ ಎಂದು ಬರೆದದ್ದು ಎರಡು ಚಿತ್ರಗಳಿಗೂ ಸಲ್ಲುವ ಮಾತು. ಆದರೆ ಈ ಎರಡನೆಯದನ್ನು ಸಾವಿನ ಚಿತ್ರವೆಂದು ಯಾರೂ ಕರೆದಿಲ್ಲ. ಕರೆಯಲು ಅಲ್ಲಿ ಕಾಗೆ ಬೇಕಿತ್ತು!

ನಿಜವಾಗಿ ಕೊನೆಯದಾದ ಚಿತ್ರ ಮತ್ತೊಂದು. ತಿಯೊನ ಹೆಂಡತಿಯ ಅಣ್ಣ ಆಂದ್ರಿಯೆಸ್ ಬಾಂಗರ್ ಬರೆದಿಟ್ಟಂತೆ, ಗುಂಡು ಹಾರುವ ದಿನದ ಬೆಳಗ್ಗೆ ವಿನ್ಸೆಂಟ್ ಬಿಸಿಲೂ ಜೀವಕಳೆಯೂ ತುಂಬಿದ ತೋಪಿನ ದೃಶ್ಯವೊಂದನ್ನು ಬರೆಯುತ್ತಿದ್ದ. ಅದು ‘ಮರದ ಬೇರುಗಳು’ ಎಂಬ, ಪೂರ್ತಿಯಾಗದೆ ಉಳಿದ ಚಿತ್ರವೆಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. ಇಳಿಜಾರಿನ ಮಣ್ಣಿನಿಂದ ಹೊರಚಾಚಿದ ಬೇರುಗಳು ನೀಲಿ, ಹಸುರು, ಹಳದಿಗಳಲ್ಲಿ ಹೆಣೆದುಕೊಂಡಿವೆ. ಆಕಾಶವೇ ಕಾಣದು. ಹಳೆಯ ಅಂಚೆಕಾರ್ಡೊಂದರ ಛಾಯಾಚಿತ್ರದ ಸಹಾಯದಿಂದ ಆ ಬೇರುಗಳಿದ್ದ ಜಾಗ ಇಂಥದೇ ಎಂದು 2020ರಲ್ಲಿ ಗುರುತಿಸಿದರು. ಅದು ಅವನ ಬಿಡಾರದಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿರುವ ರಸ್ತೆಯ ಬದಿ.

ಅಣ್ಣ ಸತ್ತ ಆರೇ ತಿಂಗಳಿಗೆ, 1891ರ ಜನವರಿಯಲ್ಲಿ, ತಿಯೊ ಕೂಡ ತೀರಿಕೊಂಡ. ಕೈಯಲ್ಲಿ ಒಂದು ವರ್ಷವೂ ತುಂಬದ ಮಗು, ಮನೆಯ ತುಂಬ ಕೊಳ್ಳುವವರಿಲ್ಲದ ಚಿತ್ರಗಳು. ಇಪ್ಪತ್ತೆಂಟು ವರ್ಷದ ಯೊಹಾನಾ ಅವನ್ನು ಬಿಸಾಡಲಿಲ್ಲ. ಪ್ರದರ್ಶನಗಳಿಗೆ ಕಳಿಸಿದಳು, ಆರಿಸಿ ಕೆಲವನ್ನು ಮಾರಿದಳು, 1914ರಲ್ಲಿ ಅಣ್ಣ ತಮ್ಮನಿಗೆ ಬರೆದ ಕಾಗದಗಳನ್ನು ಸಂಪುಟಗಳಾಗಿ ಹೊರತಂದಳು. ಭಾವನ ಹೆಸರನ್ನೇ ಹೊತ್ತ ಮಗ ಬೆಳೆದು ಇಂಜಿನಿಯರಾಗಿ, ಚಿತ್ರಗಳು ಚೆದರಿಹೋಗದಂತೆ 1962ರಲ್ಲಿ ಡಚ್ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡ. ಆ ಒಪ್ಪಂದದಿಂದ ಹುಟ್ಟಿದ ವಸ್ತುಸಂಗ್ರಹಾಲಯ 1973ರಲ್ಲಿ ಬಾಗಿಲು ತೆರೆಯಿತು. ಕಾಗೆಗಳ ಚಿತ್ರ ಅಲ್ಲಿಗೆ ಬಂದದ್ದು ಆ ದಾರಿಯಿಂದ.

1914ರಲ್ಲೇ ಯೊಹಾನಾ ಗಂಡನ ಅಸ್ಥಿಯನ್ನು ಹಾಲೆಂಡಿನಿಂದ ತರಿಸಿ ಓವೇರಿನಲ್ಲಿ ಅಣ್ಣನ ಪಕ್ಕದಲ್ಲಿ ಮಣ್ಣುಮಾಡಿಸಿದಳು. ಊರ ಮೇಲಿನ ದಿನ್ನೆಯಲ್ಲಿ ಆ ಸ್ಮಶಾನ. ಗೋಡೆಗೆ ಒತ್ತಿದಂತೆ ಎರಡು ಸರಳವಾದ ಕಲ್ಲುಗಳು, ಎರಡನ್ನೂ ಒಂದಾಗಿ ಹೊದೆದ ಹಸುರು ಬಳ್ಳಿ. ಗೋಡೆಯಾಚೆ ಹೊಲಗಳು ಇಂದಿಗೂ ಇವೆ. ಅವುಗಳ ನಡುವೆ ಕಾಲುದಾರಿಗಳು ಕೂಡುವ ಕಡೆ ಚಿತ್ರದ ಪ್ರತಿಯೊಂದನ್ನು ಹಲಗೆಯ ಮೇಲೆ ಹಚ್ಚಿ ನಿಲ್ಲಿಸಿದ್ದಾರೆ. ಬಂದವರು ಹಲಗೆಯನ್ನೊಮ್ಮೆ ನೋಡಿ, ಹೊಲವನ್ನೊಮ್ಮೆ ನೋಡಿ, ಕತ್ತೆತ್ತಿ ಕಾಗೆಗಳಿಗಾಗಿ ಹುಡುಕುತ್ತಾರೆ.